ಒಗ್ಗರಣೆಯ ಉಗುರು

ಕ್ಯುಪರ್ಟಿನೋದ ಜಲಜಾ ಜನ್ಮದಲ್ಲಿ ಯಾರ ಮನಸ್ಸನ್ನೂ ನೋಯಿಸಿದವಳಲ್ಲ. ಬೇಕಾದರೆ ಕನ್ನಡ ಕೂಟದಲ್ಲಿ ಯಾರನ್ನಾದರೂ ಕೇಳಿ ನೋಡಿ. "ಜಲಜಾನಾ? ಅಯ್ಯೋ, ಬಂಗಾರದಂಥೋಳು ಕಣ್ರೀ" ಅಂತಾರೆ. ಸನಿವೇಲಿನ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಂದವರನ್ನು ಕೂರಿಸಿ ಮಾತಾಡಿಸುವ ಕೆಲಸ ಅವಳದು. ಹಲ್ಲು ಕೀಳಿಸಿಕೊಳ್ಳಲು ಬಂದು ನಡುಗುತ್ತ ಕೂತವರಿಗೆ ನೀರು ಕೊಟ್ಟು, "ಏನೇನೂ ನೋವಾಗಲ್ಲ" ಎಂದು ವರ್ಷಗಟ್ಟಲೆಯಿಂದ ಹೇಳುತ್ತ ಬಂದಿದ್ದಾಳೆ. ನೋವಾಗುತ್ತದೆ ಅಂತ ಅವಳಿಗೇನು ಗೊತ್ತಿಲ್ಲವೆ? ಆದರೆ ಮೊದಲೇ ಹೇಳಿ ಹೆದರಿಸುವುದು ಯಾಕೆ ಅಂತ ಅವಳ ವಾದ. ಈ ವಾದವೇ ಕೊನೆಗೆ ಅವಳ ಮನೆಯ ನೆಮ್ಮದಿಯನ್ನು ತಿಂದು ಹಾಕಿತು.

ಇದು ತವರಿನಿಂದ ಬಂದ ಬುದ್ಧಿ. ಮೈಸೂರಿನ ನಂಜುಮಳಿಗೆಯ ಅವಳ ಮನೆಯಲ್ಲಿ ಕೆಟ್ಟ ಸುದ್ದಿಗೂ ಒಂದು ಮುಹೂರ್ತ ಇತ್ತು. ಪರೀಕ್ಷೆ ಮುಗೀಲಿ, ಆಮೇಲೆ ಹೇಳೋಣ. ಮದುವೆ ಮುಗೀಲಿ. ಹಬ್ಬ ಮುಗೀಲಿ. ಜಲಜಾ ಬೆಂಗಳೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಡಿಗ್ರಿಯ ಕೊನೆಯ ಪೇಪರು ಬರೆದು ಊರಿಗೆ ಬಂದರೆ ಅಜ್ಜಿಯ ಮಂಚವೇ ಇರಲಿಲ್ಲ. ಹಿತ್ತಲಲ್ಲಿ ಅಡುಗೆಯವರು ವೈಕುಂಠ ಸಮಾರಾಧನೆಗೆ ಒಲೆ ಹೂಡುತ್ತಿದ್ದರು. "ಹೇಳಿದ್ದಿದ್ರೆ ಪೇಪರು ಹಾಳು ಮಾಡ್ಕೋತಿದ್ದೆ ಕಣೇ" ಅಂದರು ಅವಳಮ್ಮ. ಜಲಜಾ ಹೊರಳಾಡಿ ಅತ್ತಳು, ಆದರೆ ಸಿಟ್ಟಾಗಲಿಲ್ಲ. ಇದಕ್ಕೇ ಪ್ರೀತಿ ಅನ್ನುತ್ತಾರೆ ಎಂದು ತಿಳಿದುಕೊಂಡಳು. ಮಗಳು ವಿಭಾ ಚಿಕ್ಕವಳಿದ್ದಾಗ ಅವಳ ಮೀನು ಸತ್ತರೆ, ಶಾಲೆ ಬಿಡುವುದರೊಳಗೆ ಅಂಥದ್ದೇ ಇನ್ನೊಂದು ಮೀನನ್ನು ತಂದು ಗಾಜಿನ ಬೋಗುಣಿಗೆ ಬಿಟ್ಟವಳು ಈ ಜಲಜಾ.

ಆದರೆ ವಿಭಾ ಈಗ ಮೀನಿಗೆ ಮರುಳಾಗುವ ವಯಸ್ಸಿನವಳಲ್ಲ, ಹೈಸ್ಕೂಲು. ಈ ಏಪ್ರಿಲಿನಲ್ಲಿ ಅವಳಪ್ಪ ಗುರುಪ್ರಸಾದನಿಗೆ ಎದೆನೋವು ಬಂದು ಸ್ಟೆಂಟು ಹಾಕಿದರು. ಮಗಳ ಪರೀಕ್ಷೆ ಹತ್ತಿರ ಬಂದಿದೆ ಅಂತ ಜಲಜಾ, "ಅಪ್ಪ ಆಫೀಸು ಕೆಲಸಕ್ಕೆ ಸಿಯಾಟಲ್‌ಗೆ ಹೋಗಿದ್ದಾರೆ" ಎಂದು ಹೇಳಿದಳು. ಆಸ್ಪತ್ರೆ ಇದ್ದದ್ದು ಮನೆಯಿಂದ ಹತ್ತು ನಿಮಿಷದ ದೂರದಲ್ಲಿ! ಆಮೇಲೆ ಗೊತ್ತಾದಾಗ ಆ ಹುಡುಗಿ ಕೂಗಾಡಲಿಲ್ಲ. ಊಟದ ಮೇಜಿನ ಎದುರು ನಿಂತು, "ಅಮ್ಮಾ, ಅಪ್ಪ ಸತ್ತೋಗಿದ್ರೆ? ಆಗ್ಲೂ ಸಿಯಾಟಲ್ ಅಂತಿದ್ಯಾ?" ಎಂದು ಕೇಳಿತು. "ಇನ್ನೊಂದು ಸಲ ಹೀಗೆ ಮಾಡಿದ್ರೆ ನಿನ್ನನ್ನ ನಾನು ಯಾವತ್ತೂ ನಂಬಲ್ಲ. ಪ್ರಾಮಿಸ್ ಮಾಡು." ಜಲಜಾ ಮಗಳ ತಲೆ ಮುಟ್ಟಿ ಪ್ರಾಮಿಸ್ ಮಾಡಿದಳು. ಮಗಳಿಗೆ ಸಮಾಧಾನವಾಗಲಿ ಎಂದು, ಅದು ವರ್ಷಗಳಿಂದ ಕೇಳುತ್ತಿದ್ದ ಬೆಕ್ಕಿನಮರಿಗೂ ಹೂಂ ಅಂದುಬಿಟ್ಟಳು.

ಜೂನಿನಲ್ಲಿ ಮರಿಗಳು ಬಂದವು. ಅನಾಥ ಪ್ರಾಣಿಗಳನ್ನು ಸಾಕಿ ಕೊಡುವ ಕೇಂದ್ರದ ಹೆಂಗಸು, ಒಂದೇ ಸೂಲಿನ ಅಣ್ಣ ತಂಗಿಯನ್ನು ಅಗಲಿಸಬೇಡಿ ಎಂದು ಎರಡನ್ನೂ ಕೈಗಿಟ್ಟಳು. ಗುಡ್ಡದಿಂದ ಕಯೋಟಿಗಳು, ಅಂದರೆ ನರಿಯಂಥ ಕಾಡುನಾಯಿಗಳು, ಬೀದಿಗಿಳಿಯುತ್ತವೆ, ಹೊರಗೆ ಬಿಡಬೇಡಿ, ಉಗುರು ತೆಗೆಸಬೇಡಿ, ಇವೆರಡಕ್ಕೂ ಮಾತು ಕೊಡಿ ಎಂದಳು. ವಿಭಾ ಎದೆ ಮೇಲೆ ಕೈಯಿಟ್ಟು ಮಾತು ಕೊಟ್ಟಳು. ಗಂಡುಮರಿ ಬೂದಿ ಬಣ್ಣದ್ದು, ಮಹಾ ಸೋಮಾರಿ, ಅದಕ್ಕೆ ಸಾರು ಅಂತ ಹೆಸರಾಯಿತು. ಹೆಣ್ಣುಮರಿ ಕೆಂಚು, ಇಟ್ಟ ಕಡೆ ನಿಲ್ಲದೆ ಚಟಪಟ ಸಿಡಿಯುತ್ತಿತ್ತು. ಅದು ಒಗ್ಗರಣೆ. ಅಮೆರಿಕದಲ್ಲಿ ಹುಟ್ಟಿದ ಬಾಯಲ್ಲಿ ಒಗ್ಗರಣೆ ಹೊರಳುತ್ತದೆಯೆ? ಎರಡೇ ದಿನದಲ್ಲಿ ಓಗಿ ಆಯಿತು.

ಓಗಿ ಪರದೆ ಹತ್ತಿತು, ಸೋಫಾ ಹರಿಯಿತು, ಅಕ್ಕಿ ಮೂಟೆಗೆ ತೂತು ಕೊರೆಯಿತು. ಚುಚ್ಚುಮದ್ದು ಹಾಕಿಸಲು ಹೋದಾಗ ಜಲಜಾ ಪಶುವೈದ್ಯೆಯನ್ನು, "ಹೆಂಗೂ ಬಂದಿದೀವಿ, ಇದರ ಉಗುರೂ ತೆಗೆದುಬಿಡ್ತೀರಾ?" ಎಂದು ಕೇಳಿಯೇಬಿಟ್ಟಳು. ಆ ಚಿಕ್ಕ ವಯಸ್ಸಿನ ಡಾಕ್ಟರು ಸಿರಿಂಜು ಕೆಳಗಿಟ್ಟು, ಜಲಜಾಳ ತೋರುಬೆರಳ ಕೊನೆಯ ಗೆಣ್ಣನ್ನು ಹಿಡಿದರು. ತೆಗೆಯೋದು ಉಗುರನ್ನಲ್ಲ, ಇಲ್ಲಿಯವರೆಗೆ ಮೂಳೆಯನ್ನೇ ಕತ್ತರಿಸೋದು, ಪ್ರತಿ ಬೆರಳಿಗೂ, ಎಂದರು. ಸ್ಯಾನ್‌ಫ್ರಾನ್ಸಿಸ್ಕೋದಂಥ ಊರುಗಳಲ್ಲಿ ಅದಕ್ಕೆ ನಿಷೇಧ ಬಂದು ಎಷ್ಟೋ ವರ್ಷವಾಯಿತು, ನಾವಂತೂ ಮುಟ್ಟುವುದಿಲ್ಲ ಎಂದರು. ಜಲಜಾ ಬೆರಳು ಹಿಂದಕ್ಕೆ ಎಳೆದುಕೊಂಡಳು. ಮೂಲೆಯಲ್ಲಿ ನಿಂತಿದ್ದ ವಿಭಾ ತಾಯಿಯ ಮುಖವನ್ನೇ ನೋಡುತ್ತಿದ್ದಳು.

ಆಮೇಲೆ ನೋಡಿ, ಅದೇ ಮಾತು ಮನೆಮನೆಯ ವಾದವಾಯಿತು. ಕನ್ನಡ ಕೂಟದವರು ಮನೆಗೊಂದು ಅಡುಗೆ ತಂದು ಉಣ್ಣುವ ಪಾಟ್‌ಲಕ್ ಊಟದಲ್ಲಿ ಗೆಳತಿ ಹರಿಪ್ರಿಯಾ, "ನಮ್ಮಕ್ಕನ ಬೆಕ್ಕಿಗೆ ಟೆಕ್ಸಾಸಲ್ಲಿ ತೆಗೆಸಿದ್ರು, ಮಹಾರಾಜನ ಥರ ಇದೆ ಕಣ್ರೀ. ಬೀದಿಗೆ ಬಿಸಾಕೋದಕ್ಕಿಂತ ಉಗುರು ತೆಗೆಸಿ ಇಟ್ಕೊಳ್ಳೋದು ಮೇಲಲ್ವಾ?" ಎಂದಳು. "ಸುಮ್ನಿರಿ, ಹಾಗಂತ ನಮ್ಮ ಮಕ್ಕಳು ಗೋಡೆ ಗೀಚಿದ್ರೆ ಬೆರಳು ಕತ್ತರಿಸ್ತೀವಾ?" ಅಂತ ಇನ್ನೊಬ್ಬಳು. ಜಲಜಾ ಇಬ್ಬರಿಗೂ ಹೌದು ಹೌದು ಅಂದಳು. ವಿಭಾ ಮಾತ್ರ ಅದನ್ನೇ ಶಾಲೆಯ ಡಿಬೇಟಿಗೆ ವಿಷಯ ಮಾಡಿಕೊಂಡಳು. ಡಿಬೇಟಿನಲ್ಲಿ ಆ ಹುಡುಗಿಯನ್ನು ಹಿಡಿಯುವವರಿಲ್ಲ. ಊಟದ ಹೊತ್ತಿಗೆ ಓದಿ ಹೇಳುತ್ತಿದ್ದಳು: ಉಗುರಿಲ್ಲದ ಬೆಕ್ಕಿಗೆ ಹೆದರಿಕೆಯಾದರೆ ಪರಚುವುದಕ್ಕಾಗದೆ ಕಚ್ಚಬಹುದಂತೆ, ಮಣ್ಣು ಕೆದಕಿದರೆ ಪಾದ ನೋಯುವುದರಿಂದ ಕಂಡಲ್ಲಿ ಗಲೀಜು ಮಾಡಬಹುದಂತೆ, ಅಪಾಯ ಬಂದರೆ ಮರ ಹತ್ತುವುದು ಕಷ್ಟವಂತೆ. "ತಿನ್ನುವಾಗ ಅದೆಲ್ಲ ಯಾಕೆ ಪುಟ್ಟಿ" ಎನ್ನುತ್ತಿದ್ದಳು ಜಲಜಾ.

ಈಗ ಗೊಂಬೆಯ ಮಾತಿಗೆ ಬರೋಣ. ಬೇ ಏರಿಯಾದಲ್ಲಿ ಜಲಜಾಳ ದಸರಾ ಗೊಂಬೆ ಅಂದರೆ ಮಿಲ್ಪಿಟಾಸಿನಿಂದಲೂ ಕಾರು ತುಂಬಿಕೊಂಡು ಬರುತ್ತಿದ್ದರು. ಈ ಸಲ ಅಮೆರಿಕದಲ್ಲಿ ಅವಳು ಗೊಂಬೆ ಕೂರಿಸುವ ಇಪ್ಪತ್ತೈದನೇ ವರ್ಷ. ಅಲ್ಲಿನ ಬೇಸಿಗೆ ರಜೆಯಲ್ಲೇ ಪೆಟ್ಟಿಗೆಗಳನ್ನು ಇಳಿಸಿ, ಗೊಂಬೆಗಳ ಧೂಳು ಒರೆಸಲು ಕೂತಳು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಕೂರುವುದು ಪಟ್ಟದ ಗೊಂಬೆ, ಮರದ ರಾಜ ರಾಣಿ. ಮದುವೆಯಲ್ಲಿ ತಾಯಿ ಮಗಳಿಗೆ ಕೊಟ್ಟು ಕಳಿಸುವ ಜೋಡಿ. ಹೆಣ್ಣಿನ ಮುತ್ತೈದೆತನ ಆ ಜೋಡಿಯಲ್ಲಿದೆ ಅಂತ ಜಲಜಾಳ ತಾಯಿ ನಂಬಿದ್ದರು. ಜಲಜಾ ನಂಬುತ್ತಿರಲಿಲ್ಲ ಅಂತಲೂ ಇಲ್ಲ.

ಅವಳು ಅಡುಗೆಮನೆಗೆ ಹೋಗಿ ಬರುವುದರೊಳಗೆ ಓಗಿ ರಾಜನ ಜರಿ ಪಂಚೆಗೆ ಉಗುರು ಹಾಕಿ ಹತ್ತಿತ್ತು. ಉಗುರು ಜರಿಗೆ ಸಿಕ್ಕಿಕೊಂಡು, ಬಿಡಿಸಿಕೊಳ್ಳಲು ಎಳೆದಾಡಿ, ರಾಜನನ್ನು ಎಳೆದುಕೊಂಡೇ ನೆಲಕ್ಕೆ ಬಿತ್ತು. ಜಲಜಾ ಎತ್ತಿ ನೋಡಿದರೆ ರಾಣಿಗೆ ಏನೂ ಆಗಿರಲಿಲ್ಲ. ರಾಜನ ಎದೆ ಎಡಗಡೆ ಉದ್ದಕ್ಕೆ ಸೀಳಿತ್ತು. ಅಯ್ಯೋ ನನ್ನ ಕರ್ಮವೇ! ಒಳಗಿನ ರೂಮಿನಲ್ಲಿ ಗುರುಪ್ರಸಾದ ಮೀಟಿಂಗಿನಲ್ಲಿ ಮಾತಾಡುತ್ತಿದ್ದ ದನಿ ಕೇಳುತ್ತಿತ್ತು. ಆ ದನಿ ಒಂದು ಕ್ಷಣ ನಿಂತಾಗ ಜಲಜಾಳ ಉಸಿರೂ ನಿಂತಿತು. ಮತ್ತೆ ಕೇಳಿಸಿದ ಮೇಲೆ ನೆಲದ ಮೇಲೆ ಕುಸಿದು ಕೂತಳು.

ರಾಜನಿಗೆ ಅಂಟು ಹಾಕಿ, ಸೀಳು ಕಾಣದಂತೆ ಶಲ್ಯ ಹೊದಿಸಿದಳು. ಯಾರಿಗೂ ಹೇಳಲಿಲ್ಲ. ಆದರೆ ಆ ಹೊತ್ತಿನಿಂದ ಆ ಮರಿಯನ್ನು ಕಂಡರೆ ಅವಳಿಗೆ ಭಯ. ಅದು ಗಂಡನ ತೊಡೆಯೇರಿ ಎದೆಗೆ ಪಂಜ ಊರಿ ಮಲಗಿದರೆ ನೋಡಲಾಗುತ್ತಿರಲಿಲ್ಲ. ಮರಿಯನ್ನು ವಾಪಸ್ಸು ಕೊಡೋಣವೆಂದರೆ ಮಗಳು ಬಿಡುವುದಿಲ್ಲ. ಇಟ್ಟುಕೊಳ್ಳೋಣವೆಂದರೆ ಉಗುರು. ಕೊನೆಗೆ ರೀನೋದಲ್ಲಿದ್ದ ಹಳೆಯ ಗೆಳತಿ ನಿವೇದಿತಾಗೆ ಫೋನು ಮಾಡಿದಳು. "ಇಲ್ಲಿ ನೆವಾಡಾದಲ್ಲಿ ಮಾಡೋರು ಒಬ್ಬರಿದಾರೆ, ಬಾ" ಎಂದಳು ಅವಳು.

ಶಾಲೆ ಶುರುವಾಗುವ ಮುಂಚೆ ವಿಭಾ ಒಂದು ವಾರ ಡಿಬೇಟು ಕ್ಯಾಂಪಿಗೆ ಹೋದಳು. ಅವಳು ಹೊರಟ ದಿನವೇ ಜಲಜಾ ಓಗಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಕಾರು ಹತ್ತಿದಳು. ಗುರುಪ್ರಸಾದ ಬಾಗಿಲಲ್ಲಿ ನಿಂತು, "ವಿಭಾಗೆ ಹೇಳಿದೀಯಾ?" ಅಂದ. "ನೀವು ಸುಮ್ನಿರ್ರೀ, ನಾನು ನೋಡ್ಕೋತೀನಿ" ಅಂದಳು. ಅವನು, "ನೀನುಂಟು ನಿನ್ನ ಮಗಳುಂಟು" ಎಂದು ಒಳಗೆ ಹೋದ. ಫ್ರೀವೇ ಉದ್ದಕ್ಕೂ, ಆಮೇಲೆ ಸಿಯೆರಾ ಬೆಟ್ಟ ಹತ್ತುವಾಗಲೂ ಓಗಿ ಕೂಗುತ್ತಲೇ ಇತ್ತು. ಒಂದು ಸಲವಾದರೂ ಹಿಂದಕ್ಕೆ ತಿರುಗಿಸೋಣ ಅನ್ನಿಸಲಿಲ್ಲವೆ? ಅನ್ನಿಸಿತು. ಆದರೆ ಸೀಳಿದ ಎದೆ ಕಣ್ಣಿಗೆ ಕಟ್ಟಿತ್ತು.

ಮಾರನೇ ದಿನ ರೀನೋದ ಕ್ಲಿನಿಕ್ಕಿನಲ್ಲಿ ಮುಂಗಾಲೆರಡಕ್ಕೂ ಬಿಳಿ ಪಟ್ಟಿ ಸುತ್ತಿದ ಮರಿಯನ್ನು ಕೈಗಿತ್ತರು. ಬರುವಾಗ ದಾರಿಯುದ್ದಕ್ಕೂ ಅದು ಒಂದು ಸದ್ದನ್ನೂ ಮಾಡಲಿಲ್ಲ. ಬೀಳ್ಕೊಡುವಾಗ ನಿವೇದಿತಾ ಕಾರಿನ ಕಿಟಕಿಗೆ ಬಗ್ಗಿ, "ಮಗೂಗೆ ಏನಂತ ಹೇಳ್ತೀಯೇ?" ಅಂದಳು.

"ದಸರಾ ಒಂದು ಮುಗೀಲಿ. ನಾನೇ ಕೂರಿಸ್ಕೊಂಡು ಹೇಳ್ತೀನಿ."

"ಬೇಗ ಹೇಳು. ನನ್ನ ಮಗಳಾಗಿದ್ರೆ ನನ್ನ ಮುಖ ನೋಡ್ತಿರಲಿಲ್ಲ" ಎಂದಳು ನಿವೇದಿತಾ.

ಅಲ್ಲಿಯವರೆಗೆ ಹೇಳಲು ಜಲಜಾ ಒಂದು ಕಥೆ ಕಟ್ಟಿಕೊಂಡಿದ್ದಳು, ಗ್ಯಾರೇಜಿನ ಬಾಗಿಲಿಗೆ ಕಾಲು ಸಿಕ್ಕಿತು ಅಂತ. ಅದನ್ನು ಹೇಳುವ ಪ್ರಸಂಗವೇ ಬರಲಿಲ್ಲ. ಕ್ಯಾಂಪಿನಿಂದ ಬಂದ ವಿಭಾ ಚೀಲ ಎಸೆದು, ಸೋಫಾದ ಕೆಳಗೆ ಮುದುಡಿ ಕೂತಿದ್ದ ಓಗಿಯ ಪಟ್ಟಿ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದಳು. "ಅಮ್ಮಾ... ಹೋಗೋ ದಿನ ಬೆಳಿಗ್ಗೆ ನಾನು ಮ್ಯಾಗಿ ಮಾಡಿದೆ. ಸ್ಟವ್ ಆಫ್ ಮಾಡಿದ್ನಾ ಇಲ್ವಾ ಅಂತ ಬಸ್ಸಲ್ಲೆಲ್ಲಾ ಯೋಚನೆ ಮಾಡ್ತಿದ್ದೆ. ಅದರ ಮೇಲೆ ಹಾರಿದ್ಲಾ? ಸುಟ್ಕೊಂಡ್ಲಾ?"

ಸ್ಟವ್ ಆಫ್ ಆಗಿತ್ತು. ಜಲಜಾ ತಾನೇ ನೋಡಿದ್ದಳು. ಇಲ್ಲ ಅನ್ನಲು ಬಾಯಿ ತೆರೆದವಳು, ಇಲ್ಲ ಅಂದರೆ ಮುಂದಿನ ಪ್ರಶ್ನೆ ಬರುತ್ತದೆ ಎಂದು ಹೆದರಿದಳು. ಗ್ಯಾರೇಜಿನ ಕಥೆ ನಾಲಿಗೆಗೆ ಬರಲಿಲ್ಲ.

"ಹೂಂ" ಅಂದಳು.

ಅಷ್ಟೇ ಅಂದದ್ದು. ಮಗಳು ನೆಲಕ್ಕೆ ಮಂಡಿಯೂರಿ, ಸೋಫಾದ ಕೆಳಗೆ ಮುಖ ತೂರಿಸಿ, "ಸಾರಿ ಓಗಿ, ಸಾರಿ, ಸಾರಿ" ಎಂದು ಬಿಕ್ಕತೊಡಗಿದಾಗ ಜಲಜಾ ಪಕ್ಕದಲ್ಲಿ ಬಗ್ಗಿ ಕೂತಳು. ಈಗಲೇ ಹೇಳಿಬಿಡಲೇ ಅಂದುಕೊಂಡಳು. ಶಾಲೆ ಶುರುವಾಗಲಿ, ಅಂದುಕೊಂಡಳು. ಸುಟ್ಟ ಗಾಯಕ್ಕೆ ಉಗುರೂ ಉದುರಿಹೋಯಿತು ಅಂತ ಡಾಕ್ಟರು ಹೇಳಿದರು ಎಂದು, ಕೇಳದಿದ್ದರೂ, ಒಂದು ಮಾತು ಸೇರಿಸಿದಳು.

ಪಟ್ಟಿ ಬಿಚ್ಚಿದ ಮೇಲೆ ಓಗಿ ಬೇರೆಯೇ ಪ್ರಾಣಿಯಾಗಿತ್ತು. ಕೆಂಡದ ಮೇಲೆ ಕಾಲಿಟ್ಟಂತೆ ನಡೆಯುತ್ತಿತ್ತು. ಸಾರು ಅದರ ಪಾದ ಮೂಸಿ, ಬುಸ್ ಎಂದು ಹಿಂದೆ ಸರಿಯಿತು. ಆಮೇಲೆ ಜೊತೆಗೆ ಮಲಗಲೇ ಇಲ್ಲ. ಮಣ್ಣಿನ ತಟ್ಟೆಗೆ ಹೋಗದೆ, ಮಡಿಸಿಟ್ಟ ಸೀರೆಗಳ ಮೇಲೆ ಗಲೀಜು ಮಾಡಿತು. ಕೈ ಚಾಚಿದವರಿಗೆ ಗುರ್ ಅನ್ನದೆ, ಕಣ್ಣು ಮಿಟುಕಿಸದೆ, ಸೀದಾ ಹಲ್ಲು ಊರುತ್ತಿತ್ತು. ಜಲಜಾ ಪಶುವೈದ್ಯೆಯನ್ನು ಬದಲಾಯಿಸಿದಳು. ಮೊದಲಿನವರಿಗೆ ಪಾದ ತೋರಿಸಿದರೆ ಒಂದು ಕ್ಷಣದಲ್ಲಿ ಗೊತ್ತಾಗಿಬಿಡುತ್ತದಲ್ಲ.

ಓಗಿಗಿಂತ ಬದಲಾದದ್ದು ವಿಭಾ. ಒಲೆಯ ಹತ್ತಿರ ಹೋಗುವುದನ್ನೇ ಬಿಟ್ಟಳು. ಮನೆಯಿಂದ ಹೊರಟರೆ, ಮುಟ್ಟದ ಒಲೆಯನ್ನೂ ಆಫ್ ಇದೆಯಾ ಎಂದು ಮತ್ತೆ ಮತ್ತೆ ಬಂದು ನೋಡುತ್ತಿದ್ದಳು. ಶಾಲೆಗೆ ತಡವಾಗುತ್ತಿತ್ತು. ರಾತ್ರಿಯ ಊಟಕ್ಕೆ ಬಾರದೆ ಸೋಫಾದ ಪಕ್ಕ ನೆಲದ ಮೇಲೆ ಮಲಗಿರುತ್ತಿದ್ದಳು, ಕಚ್ಚಿಸಿಕೊಂಡು ಕಚ್ಚಿಸಿಕೊಂಡು ಕೈಯೆಲ್ಲ ಗಾಯ. ಡಿಬೇಟಿನಿಂದ ಹೆಸರು ವಾಪಸ್ಸು ತೆಗೆದುಕೊಂಡಳು. "ಯಾಕೆ ಪುಟ್ಟಿ, ಅಷ್ಟು ಕಷ್ಟಪಟ್ಟು ಬರೆದಿದ್ದೆ" ಎಂದರೆ, "ನನ್ನ ಬೆಕ್ಕಿನ ಕಾಲನ್ನ ನಾನೇ ಸುಟ್ಟಿದೀನಿ. ಅಲ್ಲಿ ನಿಂತು ಪಾದದ ಬಗ್ಗೆ ಏನಂತ ಮಾತಾಡ್ಲಿ ಅಮ್ಮಾ?" ಅಂದಳು. ಗುರುಪ್ರಸಾದ ತಟ್ಟೆ ನೋಡುತ್ತ ಕೂತಿದ್ದ. ಮಗಳು ಎದ್ದು ಹೋದ ಮೇಲೆ, "ಹೇಳೇ. ಈ ಮನೇಲಿ ಉಸಿರು ಕಟ್ಟುತ್ತೆ ನಂಗೆ" ಅಂದ. "ಇನ್ನೇನು ಹಬ್ಬ ಬಂತಲ್ರೀ" ಅಂದಳು ಜಲಜಾ. ಅಲ್ಲಾ, ಒಂದು ವಾಕ್ಯ! ಒಂದೇ ವಾಕ್ಯದಲ್ಲಿ ಆ ಕೂಸನ್ನು ಬಿಡಿಸಬಹುದಿತ್ತು. ಆದರೆ ಏಪ್ರಿಲಿನ ಪ್ರಾಮಿಸು ನೆನಪಾದಾಗಲೆಲ್ಲ ಅವಳು ಇನ್ನೊಂದು ಗೊಂಬೆ ಕೈಗೆತ್ತಿಕೊಂಡು ಒರೆಸುತ್ತಿದ್ದಳು. ದಿನ ಕಳೆದಷ್ಟೂ ಆ ವಾಕ್ಯ ದೊಡ್ಡದಾಗುತ್ತ ಹೋಯಿತು.

ದಸರಾ ಬಂತು. ದುರ್ಗಾಷ್ಟಮಿಯ ಸಂಜೆ ಮನೆ ತುಂಬ ರೇಷ್ಮೆ ಸೀರೆ, ಮಲ್ಲಿಗೆ, ಕೋಸಂಬರಿಯ ಘಮ. ಇಪ್ಪತ್ತೈದನೇ ವರ್ಷವೆಂದು ನಿವೇದಿತಾ ರೀನೋದಿಂದ ಬಂದು, ಕುಂಕುಮದ ತಟ್ಟೆ ಹಿಡಿದು ಓಡಾಡುತ್ತಿದ್ದಳು. ಮೇಲಿನ ಮೆಟ್ಟಿಲಲ್ಲಿ ರಾಜ ಶಲ್ಯ ಹೊದ್ದು ಕೂತಿದ್ದ. ದೀಪ ಹಚ್ಚುವ ಹೊತ್ತಾಯಿತು. ಲಕ್ಷ್ಮಿ ಬರುವ ಹೊತ್ತಿನಲ್ಲಿ ಮುಂಬಾಗಿಲು ಮುಚ್ಚಿರಬಾರದು, ಅದು ಎಲ್ಲಿದ್ದರೂ ತಪ್ಪದ ಕ್ರಮ. ಜಲಜಾ ಬಾಗಿಲನ್ನು ಹಾರುಹೊಡೆದು ಹೊಸ್ತಿಲಲ್ಲಿ ದೀಪ ಇಟ್ಟಳು. "ಅಮ್ಮಾ, ಓಗಿ ಹೊರಗೆ ಹೋಗ್ತಾಳೆ" ಎಂದಳು ವಿಭಾ. "ಅದು ಸೋಫಾದ ಕೆಳಗಿಂದ ಎದ್ದರೆ ತಾನೆ" ಅಂದಳು ಜಲಜಾ.

ಹರಿಪ್ರಿಯಾಳ ಮೊಮ್ಮಗಳು, ಇನ್ನೂ ಅಂಬೆಗಾಲಿನದು, ಸೋಫಾದ ಕೆಳಗೆ ಕೈ ಹಾಕಿತು. ಗುರ್ ಎಂಬ ಸದ್ದೂ ಇಲ್ಲ. ಮಗು ಕಿಟಾರನೆ ಕಿರುಚಿ ಕೈ ಎಳೆದುಕೊಂಡರೆ ಹೆಬ್ಬೆರಳಲ್ಲಿ ರಕ್ತ. ಮನೆಯೆಲ್ಲ ಗಲಾಟೆ. ಯಾರೋ ಸೆರಗು ಬೀಸಿದರು, ಯಾರೋ ಸೋಫಾ ಎಳೆದರು, ಗುರುಪ್ರಸಾದ ಕಾಲು ಅಪ್ಪಳಿಸಿ "ಹೋಗ್" ಅಂದ. ಓಗಿ ಸೀರೆಗಳ ನಡುವೆ ನುಗ್ಗಿ, ದೀಪ ದಾಟಿ, ಬಾಗಿಲಾಚೆ ಹೋಯಿತು. ಅದರ ಹಿಂದೆ ಲಂಗ ಎತ್ತಿ ಹಿಡಿದುಕೊಂಡು ವಿಭಾ ಓಡಿದಳು.

ಜಲಜಾ ಹೊಸ್ತಿಲವರೆಗೆ ಬಂದಳು. ಬೀದಿ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಎದುರು ಸಾಲಿನ ಕೊನೆಯಲ್ಲಿ ದೊಡ್ಡ ರೆಡ್‌ವುಡ್ ಮರ, ಅದರ ಪಕ್ಕದ ಕಾರಿನ ಮರೆಯಿಂದ ನಾಯಿಯಂಥದ್ದೊಂದು ತಲೆ ತಗ್ಗಿಸಿ ಹೊರಬಂತು. ನಾಯಿಯಲ್ಲ, ಕಯೋಟಿ. ಓಗಿ ಮರಕ್ಕೆ ಹಾರಿತು. ಮುಂಗಾಲೆರಡೂ ತೊಗಟೆಯ ಮೇಲೆ ಸುಮ್ಮನೆ ಜಾರಿದವು. ಬಿದ್ದು ಎದ್ದು ಮತ್ತೆ ಹಾರಿತು. ಮತ್ತೆ ಜಾರಿತು. "ಹತ್ತೇ ಓಗಿ, ಹತ್ತೇ!" ಎಂದು ವಿಭಾ ಕೂಗುತ್ತ ಓಡುತ್ತಿದ್ದಳು. ಅವಳು ಮುಟ್ಟುವುದರೊಳಗೆ ಮರದ ಬುಡದಲ್ಲಿ ಏನೂ ಇರಲಿಲ್ಲ.

ಜಲಜಾ ಅಲ್ಲಿಂದ ಕದಲಲಿಲ್ಲ. ಗುರುಪ್ರಸಾದನೇ ಹೋಗಿ ಮಗಳನ್ನು ತೋಳು ಹಿಡಿದು ಕರೆದುಕೊಂಡು ಬಂದ. ಹೆಂಗಸರೆಲ್ಲ ಎದ್ದು ನಿಂತಿದ್ದರು. ಮಗುವಿನ ಕೈಗೆ ಪಟ್ಟಿ ಕಟ್ಟುತ್ತಿದ್ದ ಹರಿಪ್ರಿಯಾ ಕೂಡ ತಲೆಯೆತ್ತಿ ನೋಡಿದಳು. ವಿಭಾಳ ಲಂಗದ ಅಂಚಿಗೆಲ್ಲ ಒಣಮುಳ್ಳು ಕಚ್ಚಿಕೊಂಡಿತ್ತು. ಅವಳು ಅಳುತ್ತಿರಲಿಲ್ಲ.

"ಅವಳಿಗೆ ಹತ್ತೋಕಾಗ್ಲಿಲ್ಲ" ಎಂದಳು, ಎಲ್ಲರಿಗೂ ಕೇಳುವಂತೆ. "ನಾನು ಸ್ಟವ್ ಆಫ್ ಮಾಡಿರಲಿಲ್ಲ. ಅವಳ ಉಗುರು ಸುಟ್ಟೋಯ್ತು. ಅದಕ್ಕೇ ಹತ್ತೋಕಾಗ್ಲಿಲ್ಲ. ನಾನೇ ಸಾಯಿಸಿದ್ದು ಆಂಟಿ."

ನಿವೇದಿತಾ ಕುಂಕುಮದ ತಟ್ಟೆ ಹಿಡಿದುಕೊಂಡೇ ಜಲಜಾಳ ಕಡೆ ತಿರುಗಿದಳು. ಗುರುಪ್ರಸಾದ ತಿರುಗಿದ. ಇಬ್ಬರೂ ಕಾದರು. ಜಲಜಾಗೆ ಆ ವಾಕ್ಯ ತುಟಿಯವರೆಗೆ ಬಂತು. ನೋಡಿದರೆ ಎದುರಿಗೆ ಊರಿಗೂರೇ ನಿಂತಿದೆ, ಮಗಳು ನಿಂತಿದ್ದಾಳೆ. ಆ ಕಣ್ಣುಗಳಲ್ಲಿ ಅಮ್ಮನ ಮೇಲೆ ಒಂದಿಷ್ಟೂ ಅನುಮಾನವಿಲ್ಲ. ಇಡೀ ಜಗತ್ತಿನಲ್ಲಿ ತನ್ನನ್ನು ಬಯ್ಯದೆ ಉಳಿದವಳು ಇವಳೊಬ್ಬಳೇ ಎಂಬಂತೆ ಆ ಹುಡುಗಿ ಬಂದು ತಾಯಿಯ ಹೆಗಲಿಗೆ ಮುಖವಿಟ್ಟು, ಆಗ ಅಳತೊಡಗಿದಳು.

ಜಲಜಾ ಮಗಳ ಬೆನ್ನು ಸವರಿದಳು.

"ಹೋಗ್ಲಿ ಬಿಡು ಪುಟ್ಟಿ" ಅಂದಳು. "ನೀನೇನು ಬೇಕೂಂತ ಮಾಡಿದ್ಯಾ?"